ಕನಸಿಗೊಂದು ಲೆಕ್ಕ ಇರಲಿ



ಸಂಘದ ತರಬೇತಿಗಳಲ್ಲಿ ನಾವು ಒಂದು ಪ್ರಶ್ನೆ ಕೇಳುವುದುಂಟು: "ನಿಮ್ಮ ಕನಸೇನು?" ಉತ್ತರಗಳು ತಕ್ಷಣ ಬರುತ್ತವೆ. "ಮಗಳು ನರ್ಸಿಂಗ್ ಓದಬೇಕು." "ಮಗನಿಗೆ ಒಂದು ಕೆಲಸ ಸಿಗಬೇಕು." "ಯಜಮಾನರ ಕುಡಿತ ಬಿಡಬೇಕು." ಎಲ್ಲವೂ ಒಳ್ಳೆಯ ಆಸೆಗಳೇ. ಆಮೇಲೆ ನಾವು ಮತ್ತೆ ಕೇಳುತ್ತೇವೆ: "ಸರಿ, ಇದೆಲ್ಲ ಮನೆಯವರದ್ದಾಯಿತು. ನಿಮ್ಮದು ಯಾವುದು?" ಆಗ ಸಭೆ ಸುಮ್ಮನಾಗುತ್ತದೆ. ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. "ನಮ್ಮದೇನು ಬಿಡಿ" ಅನ್ನುತ್ತಾರೆ.

ಸ್ವಲ್ಪ ಹೊತ್ತು ಬಿಟ್ಟರೆ ಮೆಲ್ಲಗೆ ಒಂದೊಂದೇ ಹೊರಗೆ ಬರುತ್ತದೆ. ಒಬ್ಬರಿಗೆ ಹೊಲಿಗೆ ಮಿಷನ್ ಬೇಕು. ಒಬ್ಬರಿಗೆ ಒಂದು ಕರೆಯುವ ಹಸು ಬೇಕು. ಇನ್ನೊಬ್ಬರಿಗೆ ಏಳನೇ ಕ್ಲಾಸಿಗೆ ನಿಂತ ಓದನ್ನು ಮುಂದುವರಿಸಿ ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಮತ್ತೊಬ್ಬರಿಗೆ ಮನೆಗೊಂದು ಬಚ್ಚಲು ಕಟ್ಟಿಸಬೇಕು. ಹತ್ತು ವರ್ಷದಿಂದ ಮನಸ್ಸಿನಲ್ಲಿದ್ದ ಕನಸುಗಳು ಇವು. ಹಾಗಾದರೆ ಯಾಕೆ ಆಗಲಿಲ್ಲ? "ದುಡ್ಡಿರಲಿಲ್ಲ" ಎಂಬುದು ಎಲ್ಲರ ಉತ್ತರ. ದುಡ್ಡಿನ ಕಷ್ಟ ನಿಜವೇ. ಆದರೆ ಅದೇ ಹತ್ತು ವರ್ಷದಲ್ಲಿ ನಾವು ಸಂಘದಿಂದ ನಾಲ್ಕೈದು ಸಲ ಸಾಲ ತೆಗೆದಿರುತ್ತೇವೆ, ತೀರಿಸಿಯೂ ಇರುತ್ತೇವೆ. ಆ ದುಡ್ಡು ಹಬ್ಬಕ್ಕೆ, ಆಸ್ಪತ್ರೆಗೆ, ಮದುವೆಯ ಉಡುಗೊರೆಗೆ ಹೋಯಿತು. ನಮ್ಮ ಕನಸಿನ ಸರದಿ ಬರಲೇ ಇಲ್ಲ. ಯಾಕೆಂದರೆ ಅದಕ್ಕೆ ಎಷ್ಟು ಬೇಕು, ಯಾವಾಗ ಬೇಕು ಅಂತ ನಾವು ಯಾರಿಗೂ ಹೇಳಿರಲಿಲ್ಲ, ನಾವೂ ಲೆಕ್ಕ ಹಾಕಿರಲಿಲ್ಲ.

ಕನಸು ಕೈಗೆ ಬರಬೇಕಾದರೆ ಅದಕ್ಕೆ ಬೆಲೆ ಕಟ್ಟಬೇಕು, ದಿನ ಗೊತ್ತು ಮಾಡಬೇಕು, ನಾಲ್ಕು ಜನರ ಮುಂದೆ ಹೇಳಬೇಕು. ಇದು ಹೇಗೆಂದು ಈ ಲೇಖನದಲ್ಲಿ ನೋಡೋಣ.

ಎಂಬತ್ತು ರೂಪಾಯಿಯ ಹಪ್ಪಳ

ಲಿಜ್ಜತ್ ಹಪ್ಪಳದ ಹೆಸರು ನಮಗೆಲ್ಲ ಗೊತ್ತು. ಅದು ಶುರುವಾದ ಬಗೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. 1959ರ ಮಾರ್ಚ್ 15ರಂದು ಮುಂಬೈಯ ಗಿರ್ಗಾಂವ್‌ನಲ್ಲಿ ಒಂದು ವಠಾರದ ತಾರಸಿಯ ಮೇಲೆ ಏಳು ಮಂದಿ ಹೆಂಗಸರು ಕೂತು ಹಪ್ಪಳ ಲಟ್ಟಿಸಿದರು. ಅವರಲ್ಲಿ ಜಸ್ವಂತಿಬೆನ್ ಪೋಪಟ್ ಒಬ್ಬರು. ಹೆಚ್ಚು ಓದಿದವರಲ್ಲ. ಮನೆಗೆಲಸ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ನಾಲ್ಕು ಕಾಸು ದುಡಿಯಬೇಕು ಎಂಬುದಷ್ಟೇ ಅವರ ಆಸೆ. ಬಂಡವಾಳ 80 ರೂಪಾಯಿ. ಅದೂ ಛಗನ್‌ಲಾಲ್ ಪಾರೇಖ್ ಎಂಬ ಸಮಾಜ ಸೇವಕರಿಂದ ತಂದ ಸಾಲ. ಮೊದಲ ದಿನ ಆದದ್ದು ನಾಲ್ಕೇ ನಾಲ್ಕು ಕಟ್ಟು ಹಪ್ಪಳ.

ನಾವು ಗಮನಿಸಬೇಕಾದ ಸಂಗತಿ ಮುಂದಿದೆ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತುಹೋಯಿತು. ಮಳೆ ನಾಡಿನ ನಮಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅವರು "ನಮ್ಮ ಹಣೆಬರಹ" ಅಂತ ಕೈಬಿಡಲಿಲ್ಲ. ಮರುವರ್ಷ ಒಂದು ಮಂಚ, ಒಂದು ಸ್ಟವ್ ತಂದರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟವ್ ಹಚ್ಚಿ ಒಣಗಿಸಿದರು. ಮಳೆಯಲ್ಲೂ ಕೆಲಸ ನಡೆಯಿತು.

ಇನ್ನೂ ಒಂದು ಗಟ್ಟಿ ತೀರ್ಮಾನ ಅವರದಾಗಿತ್ತು. ನಷ್ಟವಾದರೂ ಸರಿ, ಯಾರಿಂದಲೂ ದಾನ ತೆಗೆದುಕೊಳ್ಳಬಾರದು. ಲೆಕ್ಕ ಸರಿಯಾಗಿ ಇಡಬೇಕು. ಮೊದಲ ವರ್ಷದ ಮಾರಾಟ 6,196 ರೂಪಾಯಿ ಎಂದು ಇವತ್ತಿಗೂ ಹೇಳಲು ಸಾಧ್ಯವಾಗುವುದು ಅವರು ಅಂದು ಬರೆದಿಟ್ಟದ್ದರಿಂದ. ಇಂದು ಆ ಸಂಸ್ಥೆಯಲ್ಲಿ ಸುಮಾರು 45 ಸಾವಿರ ಮಹಿಳೆಯರಿದ್ದಾರೆ. ಜಸ್ವಂತಿಬೆನ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಮಾರ್ಚ್ 15ರಂದು ತಾರಸಿ ಹತ್ತಿದಾಗ ಪದ್ಮಶ್ರೀ ಯಾರ ತಲೆಯಲ್ಲೂ ಇದ್ದಿರಲಾರದು. ಆ ದಿನದ ನಾಲ್ಕು ಕಟ್ಟು ಮಾರಾಟವಾಗಬೇಕು ಎಂಬುದೊಂದೇ ಇದ್ದಿರಬೇಕು.

ಕನಸನ್ನು ಕೆಲಸಕ್ಕೆ ಇಳಿಸುವ ಐದು ಹೆಜ್ಜೆ

1. ಬಿಡಿಸಿ ಹೇಳಿ: "ಚೆನ್ನಾಗಿ ಬದುಕಬೇಕು" ಎಂದರೆ ಅದು ಯಾರ ಕೈಗೂ ಸಿಗುವುದಿಲ್ಲ. "ಮನೆಯಲ್ಲೇ ರವಿಕೆ ಹೊಲಿದು ತಿಂಗಳಿಗೆ ಮೂರು ಸಾವಿರ ದುಡಿಯಬೇಕು" ಎಂದರೆ ಅದು ಹಿಡಿಯಲು ಬರುವ ಮಾತು. ಏನು, ಎಷ್ಟು, ಎಲ್ಲಿ ಎಂಬುದು ಒಂದೇ ವಾಕ್ಯದಲ್ಲಿ ಬರಬೇಕು.

2. ಬೆಲೆ ಕಟ್ಟಿ: ಪೇಟೆಗೆ ಹೋದಾಗ ಎರಡು ಅಂಗಡಿಯಲ್ಲಿ ವಿಚಾರಿಸಿ. ಮಿಷನ್‌ಗೆ ಎಷ್ಟು, ಮೋಟಾರು ಹಾಕಿಸಿದರೆ ಎಷ್ಟು, ದಾರ, ಗುಂಡಿ, ಕತ್ತರಿ, ಲೈನಿಂಗ್ ಬಟ್ಟೆಗೆ ಎಷ್ಟು. ಈ ಸಣ್ಣ ಸಣ್ಣ ಖರ್ಚನ್ನು ಬಿಟ್ಟು ಲೆಕ್ಕ ಹಾಕಿದರೆ ಮಿಷನ್ ಮನೆಗೆ ಬಂದ ಮೇಲೆ ದಾರಕ್ಕೆ ದುಡ್ಡಿರುವುದಿಲ್ಲ.

3. ದಿನ ಗೊತ್ತು ಮಾಡಿ: "ಮುಂದೆ ಯಾವಾಗಾದರೂ" ಎನ್ನುವ ದಿನ ಕ್ಯಾಲೆಂಡರಿನಲ್ಲಿ ಇಲ್ಲ. ಶಾಲೆ ಶುರುವಾಗುವ ಜೂನ್ ತಿಂಗಳಿಗೆ ಸಮವಸ್ತ್ರ ಹೊಲಿಯುವ ಕೆಲಸ ಬರುತ್ತದೆ ಎಂದಾದರೆ ಮಿಷನ್ ಏಪ್ರಿಲ್‌ಗೆ ಬರಬೇಕು. ಏಪ್ರಿಲ್‌ಗೆ ಬರಬೇಕಾದರೆ ಹೊಲಿಗೆ ಕಲಿಯುವುದು ಜನವರಿಗೆ ಶುರುವಾಗಬೇಕು. ಹೀಗೆ ಹಿಂದಕ್ಕೆ ಎಣಿಸುತ್ತ ಬಂದರೆ ಇವತ್ತು ಏನು ಮಾಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

4. ಈ ವಾರದ ಕೆಲಸ ಒಂದು: ದೊಡ್ಡದೇನೂ ಬೇಡ. ತರಬೇತಿ ಎಲ್ಲಿದೆ ಎಂದು ಒಂದು ಫೋನ್ ಮಾಡುವುದು, ಪಕ್ಕದ ಊರಿನಲ್ಲಿ ಆ ಕೆಲಸ ಮಾಡುವವರನ್ನು ಹೋಗಿ ಕಾಣುವುದು, ಕನಸಿಗೆಂದೇ ಒಂದು ಡಬ್ಬಿಗೆ ಐವತ್ತು ರೂಪಾಯಿ ಹಾಕುವುದು. ಮುಂದಿನ ಸಭೆಯೊಳಗೆ ಆಗುವಂಥದ್ದಾಗಿರಬೇಕು.

5. ಸಂಘದಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ: ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. "ಆಗದಿದ್ದರೆ ನಗುತ್ತಾರೆ" ಎಂಬ ಭಯ ಸಹಜ. ಆದರೆ ಹದಿನೈದು ಮಂದಿಗೆ ಗೊತ್ತಾದ ಮೇಲೆ ಮುಂದಿನ ವಾರ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಏನಾಯ್ತಕ್ಕ, ಫೋನ್ ಮಾಡಿದ್ರಾ?" ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಸಾಲ ಮಂಜೂರು ಮಾಡುವಾಗಲೂ ಯಾರದು ಯಾವ ಕನಸು ಎಂದು ಸಂಘಕ್ಕೆ ಮೊದಲೇ ತಿಳಿದಿದ್ದರೆ ಸರದಿ ನಿಗದಿ ಮಾಡುವುದು ಸುಲಭ.

ಹಸುವಿನ ಕನಸು: ಒಂದು ಲೆಕ್ಕ

ನಮ್ಮ ಸಂಘಗಳಲ್ಲಿ ಅತಿ ಹೆಚ್ಚು ಕೇಳಿಬರುವ ಕನಸು ಹಸುವಿನದು. ಆದ್ದರಿಂದ ಅದನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಇಲ್ಲಿ ಕೊಟ್ಟಿರುವ ಬೆಲೆಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ ನೋಡಬೇಕು.

ಸಾಮಾನ್ಯವಾಗಿ ನಾವು ಹಾಕುವ ಲೆಕ್ಕ ಹೀಗಿರುತ್ತದೆ: ದಿನಕ್ಕೆ 7 ಲೀಟರ್ ಡೈರಿಗೆ ಹಾಕಿದರೆ, ಲೀಟರಿಗೆ 35 ರೂಪಾಯಿಯಂತೆ 245 ರೂಪಾಯಿ. ತಿಂಗಳಿಗೆ 7,350. "ಅಬ್ಬಾ, ಇಷ್ಟು ಬಂದರೆ ಸಾಲ ತೀರಿಸುವುದು ಯಾವ ಲೆಕ್ಕ!" ಅನಿಸುತ್ತದೆ. ಎಷ್ಟೋ ಮನೆಗಳಲ್ಲಿ ಎಡವಿದ್ದು ಇಲ್ಲೇ. ಪೂರ್ತಿ ಲೆಕ್ಕ ಹೀಗಿದೆ.

ಮೊದಲ ಖರ್ಚು: ಹಸುವಿಗೆ 60,000. ತರುವ ಗಾಡಿ ಬಾಡಿಗೆ 1,500. ವಿಮೆ 2,500. ಕೊಟ್ಟಿಗೆಯ ನೆಲ, ಗೋದಲಿ ಸರಿಪಡಿಸಲು 6,000. ಒಟ್ಟು 70,000 ರೂಪಾಯಿ. ಕೈಯಲ್ಲಿ 20,000 ಉಳಿತಾಯವಿದೆ, ಸಾಲ 50,000 ಎಂದಿಟ್ಟುಕೊಳ್ಳೋಣ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, 24 ಕಂತು ಎಂದರೆ ತಿಂಗಳ ಕಂತು ಸುಮಾರು 2,350.

ವರ್ಷದ ಆದಾಯ: ಹಸು ವರ್ಷವಿಡೀ ಹಾಲು ಕೊಡುವುದಿಲ್ಲ. ಹತ್ತು ತಿಂಗಳು ಕರೆದು ಕೊನೆಯ ಎರಡು ತಿಂಗಳು ಬತ್ತಿಸಬೇಕು. ಇಲ್ಲದಿದ್ದರೆ ಹಸು ಸೊರಗುತ್ತದೆ, ಮುಂದಿನ ಕರಾವಿನಲ್ಲಿ ಹಾಲು ಕಡಿಮೆಯಾಗುತ್ತದೆ. ಹಾಗಾಗಿ ವರ್ಷಕ್ಕೆ 7,350ರಂತೆ ಹತ್ತು ತಿಂಗಳು, 73,500 ರೂಪಾಯಿ. ಮನೆಯ ಮಕ್ಕಳಿಗೆ ದಿನಕ್ಕೆ ಒಂದು ಲೀಟರ್ ಇಟ್ಟುಕೊಂಡೇ ಈ ಲೆಕ್ಕ.

ವರ್ಷದ ಖರ್ಚು: ಕರೆಯುವಾಗ ದಿನಕ್ಕೆ ನಾಲ್ಕೂವರೆ ಕಿಲೋ ಹಿಂಡಿ, ಬತ್ತಿದ ದಿನಗಳಲ್ಲಿ ಎರಡು ಕಿಲೋ. ಒಟ್ಟು 1,480 ಕಿಲೋ, ಕಿಲೋಗೆ 26ರಂತೆ 38,480. ಒಣ ಹುಲ್ಲು ಕೊಳ್ಳಲು 12,000. ಲವಣ ಮಿಶ್ರಣ, ಡಾಕ್ಟರ್, ಔಷಧಿಗೆ 4,000. ಒಟ್ಟು 54,480.

ಉಳಿಯುವುದು 19,020. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,585 ರೂಪಾಯಿ. ಕಂತು ಎಷ್ಟು? 2,350. ಅಂದರೆ ಈ ಹಸು ತನ್ನ ಸಾಲ ತಾನು ತೀರಿಸುವುದಿಲ್ಲ. ತಿಂಗಳಿಗೆ ಏಳುನೂರಕ್ಕೂ ಹೆಚ್ಚು ನಮ್ಮ ಕೂಲಿಯಿಂದ ಹಾಕಬೇಕು.

ಹಾಗಾದರೆ ಹಸು ಬೇಡವೇ? ಬೇಕು. ಲೆಕ್ಕ ಬದಲಾಗಬೇಕು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಹಿರಿಯರು ಹೇಳಿದ್ದಾರೆ. ನಾವು ಹಾಸಿಗೆಯನ್ನೇ ಸ್ವಲ್ಪ ಉದ್ದ ಮಾಡಲು ಆಗುತ್ತದೆಯೇ ನೋಡೋಣ. ಹಸು ತರುವ ಆರು ತಿಂಗಳು ಮೊದಲೇ ತೋಟದ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ ನೇಪಿಯರ್ ಹುಲ್ಲಿನ ಕಡ್ಡಿ ನೆಟ್ಟರೆ ಹುಲ್ಲು ಕೊಳ್ಳುವ ಖರ್ಚು 12,000ದಿಂದ 5,000ಕ್ಕೆ ಇಳಿದೀತು. ಆಗ ವರ್ಷಕ್ಕೆ ಉಳಿಯುವುದು 26,020, ತಿಂಗಳಿಗೆ ಸುಮಾರು 2,168. ಅದೇ ಆರು ತಿಂಗಳಲ್ಲಿ ಇನ್ನೂ 10,000 ಉಳಿಸಿದರೆ ಸಾಲ 40,000 ಸಾಕು. ಕಂತನ್ನು 36 ತಿಂಗಳಿಗೆ ಕೇಳಿದರೆ ತಿಂಗಳಿಗೆ ಸುಮಾರು 1,330. ಈಗ ಕಂತು ಕಟ್ಟಿ 800 ರೂಪಾಯಿಗೂ ಹೆಚ್ಚು ಕೈಯಲ್ಲಿ ಉಳಿಯುತ್ತದೆ. ಎರಡನೇ ವರ್ಷದ ವಿಮೆಗೂ ಅದರಲ್ಲೇ ಎತ್ತಿಡಬಹುದು. ಕರು, ಗೊಬ್ಬರ ಬೇರೆ.

ನೋಡಿದಿರಾ? ಹಸು ಅದೇ, ಹಾಲು ಅಷ್ಟೇ. ಆರು ತಿಂಗಳು ಕಾದು ತಯಾರಿ ಮಾಡಿದ್ದಕ್ಕೆ ನಷ್ಟದ ಹಸು ಲಾಭದ ಹಸುವಾಯಿತು. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ, ಆ ದಿನಗಳಲ್ಲಿ ಹುಲ್ಲು ಬೆಳೆಯುತ್ತಿರುತ್ತದೆ. ಇನ್ನೊಂದು ಮಾತು: ಬತ್ತಿದ ಎರಡು ತಿಂಗಳು ಡೈರಿಯಿಂದ ಹಣ ಬರುವುದಿಲ್ಲ, ಆದರೆ ಕಂತು ನಿಲ್ಲುವುದಿಲ್ಲ. ಹಾಲಿರುವ ತಿಂಗಳುಗಳಲ್ಲೇ ಅದಕ್ಕೆಂದು ಬೇರೆ ಎತ್ತಿಡಬೇಕು.

ಹೊಲಿಗೆ, ಕೋಳಿ, ಹೋಟೆಲ್ಲು, ಹೂವಿನ ವ್ಯಾಪಾರ, ಏನೇ ಇರಲಿ, ಲೆಕ್ಕದ ರೀತಿ ಇದೇ. ಬರುವ ತಿಂಗಳಷ್ಟೇ ಅಲ್ಲ, ಬಾರದ ತಿಂಗಳನ್ನೂ ಎಣಿಸಬೇಕು.

ಕನಸು ಹೋಗಿ ಸಾಲ ಮಾತ್ರ ಉಳಿಯದಿರಲಿ

ಈಗ ಮನೆ ಬಾಗಿಲಿಗೆ ಬಂದು ಸಾಲ ಕೊಡುವವರು ಬಹಳ. ಆಧಾರ್ ಕಾರ್ಡ್, ಫೋಟೋ ಕೊಟ್ಟರೆ ಹಣ ಬಂದುಬಿಡುತ್ತದೆ. ಒಂದರ ಕಂತು ಕಟ್ಟಲು ಇನ್ನೊಂದು, ಅದನ್ನು ಕಟ್ಟಲು ಮತ್ತೊಂದು. ಹೀಗೆ ಸಿಕ್ಕಿಕೊಂಡು ಊರು ಬಿಟ್ಟ ಕುಟುಂಬಗಳ ಸುದ್ದಿಯನ್ನು ನಾವೆಲ್ಲ ಕೇಳಿದ್ದೇವೆ. ಪರಿಸ್ಥಿತಿ ಎಷ್ಟು ಬಿಗಡಾಯಿಸಿತ್ತೆಂದರೆ, ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಕಿರು ಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಾವು ಹೇಳುವುದೇನೆಂದರೆ, ಅರ್ಧವೂ ನಮಗೆ ಭಾರವೇ. ಅಕ್ಕಿ, ಬೇಳೆ, ಶಾಲೆ ಫೀಸು, ಔಷಧಿ ಎಲ್ಲ ಉಳಿದ ಅರ್ಧದಲ್ಲಿ ಆಗಬೇಕಲ್ಲ? ಹೊಸ ಸಾಲಕ್ಕೆ ಸಹಿ ಹಾಕುವ ಮೊದಲು ಮನೆಯ ಎಲ್ಲ ಕಂತುಗಳನ್ನು ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಇನ್ನೊಬ್ಬರಿಗಾಗಿ ನಮ್ಮ ಹೆಸರಿನಲ್ಲಿ ಸಾಲ ತೆಗೆದುಕೊಡುವುದಂತೂ ಬೇಡವೇ ಬೇಡ.

ನಮ್ಮ ಸಂಘಕ್ಕೆ ಬೇರೆ ದಾರಿಯಿದೆ. ಸಂಘ-ಬ್ಯಾಂಕ್ ಜೋಡಣೆಯನ್ನು ನಬಾರ್ಡ್ 1992ರಲ್ಲಿ ಪ್ರಾಯೋಗಿಕವಾಗಿ 500 ಸಂಘಗಳಿಗೆಂದು ಆರಂಭಿಸಿತು. ಇಂದು ಅದು ದೇಶದ ಮೂಲೆಮೂಲೆಗೂ ಹರಡಿದೆ. ನಮ್ಮ ರಾಜ್ಯದಲ್ಲಿ ಸಂಜೀವಿನಿ ಎಂದು ಕರೆಯುವ ರಾಷ್ಟ್ರೀಯ ಜೀವನೋಪಾಯ ಯೋಜನೆಯಡಿ ಬರುವ ಸಂಘಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. ಬ್ಯಾಂಕು ನೋಡುವುದು ಐದು ವಿಷಯ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ ಕೊಡುವುದು, ಸಮಯಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಒಬ್ಬರು ಸಭೆ ತಪ್ಪಿಸಿದರೆ, ಒಂದು ಕಂತು ನಿಂತರೆ, ಹದಿನೈದು ಮಂದಿಯ ಕನಸು ಹಿಂದೆ ಬೀಳುತ್ತದೆ. "ಹನಿ ಹನಿಗೂಡಿದರೆ ಹಳ್ಳ" ಎಂಬ ಗಾದೆಗೆ ಈ ಅರ್ಥವೂ ಇದೆ.

"ನಮಗೆ ಓದು ಬರೋದಿಲ್ಲವಲ್ಲ?"

ಈ ಮಾತು ಹೇಳುವವರಿಗಾಗಿ ನೆರೆಯ ಮಹಾರಾಷ್ಟ್ರದ ಒಂದು ಸಂಗತಿ. ಸಾತಾರಾ ಜಿಲ್ಲೆಯ ಮ್ಹಸವಡ ಬರದ ನಾಡು. ಅಲ್ಲಿ ಬೀದಿ ಬದಿಯಲ್ಲಿ ಬದುಕುತ್ತ ಕಬ್ಬಿಣದ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿಗೆ ಮಳೆಗಾಲದೊಳಗೆ ಒಂದು ತಾಡಪಾಲು ಕೊಳ್ಳುವ ಆಸೆ. ಅದಕ್ಕೆ ಸ್ವಲ್ಪ ಸ್ವಲ್ಪ ಉಳಿಸೋಣವೆಂದರೆ ಅಷ್ಟು ಸಣ್ಣ ಮೊತ್ತಕ್ಕೆ ಖಾತೆ ತೆರೆಯಲು ಬ್ಯಾಂಕುಗಳು ಒಪ್ಪಲಿಲ್ಲ. "ಹಾಗಾದರೆ ನಮ್ಮದೇ ಬ್ಯಾಂಕ್ ಮಾಡೋಣ" ಎಂದು ಚೇತನಾ ಸಿನ್ಹಾ ಎಂಬವರು ಹೆಂಗಸರನ್ನು ಸೇರಿಸಿದರು. ಅರ್ಜಿಯ ಮೇಲೆ ಸಹಿಯ ಬದಲು ಹೆಬ್ಬೆಟ್ಟು ಇದ್ದದ್ದರಿಂದ ರಿಸರ್ವ್ ಬ್ಯಾಂಕ್ ಅನುಮತಿ ಕೊಡಲಿಲ್ಲ.

ಆ ಹೆಂಗಸರು ಮನೆಗೆ ಬಂದು ಅತ್ತು ಮಲಗಲಿಲ್ಲ. ಕೆಲವು ತಿಂಗಳು ಅಕ್ಷರ ಕಲಿತರು. ಮತ್ತೆ ಹೋದರು. ನಮಗೆ ಓದು ಬಾರದಿರಬಹುದು, ಲೆಕ್ಕ ಬರುತ್ತದೆ, ಯಾವ ಮೊತ್ತಕ್ಕಾದರೂ ಬಡ್ಡಿ ಕೇಳಿ, ಬಾಯಲ್ಲೇ ಹೇಳುತ್ತೇವೆ, ನಿಮ್ಮ ಅಧಿಕಾರಿಗಳೂ ಕ್ಯಾಲ್ಕುಲೇಟರ್ ಇಲ್ಲದೆ ಹೇಳಲಿ ಎಂದು ಸವಾಲು ಹಾಕಿದರು. 1997ರಲ್ಲಿ ಮಾಣ್ ದೇಶಿ ಮಹಿಳಾ ಸಹಕಾರಿ ಬ್ಯಾಂಕ್ ಆರಂಭವಾಯಿತು. ಇಷ್ಟಕ್ಕೂ ಕಾರಣ ಒಂದು ತಾಡಪಾಲಿನ ಕನಸು! ನಮ್ಮ ಕನಸು ಸಣ್ಣದು ಎಂದು ಯಾರೂ ನಾಚಿಕೊಳ್ಳಬೇಕಾಗಿಲ್ಲ.

ನಮ್ಮ ರಾಜ್ಯದಲ್ಲೇ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘವನ್ನು ನೋಡಿ. 2018ರಲ್ಲಿ 15 ಮಹಿಳೆಯರು ಸೇರಿ ಕಟ್ಟಿದ ಸಂಘ. ಮರೆತುಹೋಗುತ್ತಿದ್ದ ಸಾವೆ, ನವಣೆಯಂಥ ಸಿರಿಧಾನ್ಯಗಳ ಬೀಜ ಕೂಡಿಟ್ಟು ರೈತರಿಗೆ ಹಂಚಿದರು, ಬೀಜ ಬ್ಯಾಂಕ್ ಮಾಡಿದರು, ಸಿರಿಧಾನ್ಯ ಸಂಸ್ಕರಣೆಗೂ ಕೈಹಾಕಿದರು. 2025ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ಬಂತು. ಅವರೂ ನಮ್ಮಂತೆಯೇ ಸಭೆ ಮಾಡಿ, ಉಳಿತಾಯ ಕಟ್ಟುವ ಹೆಂಗಸರು.

ಕೆಲಸ ಕಲಿಯಬೇಕೆನ್ನುವವರಿಗೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಇವುಗಳಿಗೆ ಮಾದರಿಯಾದದ್ದು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ. ಹೊಲಿಗೆ, ಹೈನುಗಾರಿಕೆ, ಬ್ಯೂಟಿ ಪಾರ್ಲರ್, ಆಹಾರ ತಯಾರಿಕೆ ಮೊದಲಾದ ತರಬೇತಿಗಳು ಉಚಿತ. ಊಟ, ವಸತಿಗೂ ಹಣವಿಲ್ಲ. ವಯಸ್ಸಿನ ಮಿತಿ, ಬೇಕಾದ ದಾಖಲೆಗಳ ವಿವರವನ್ನು ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಕೇಳಬಹುದು.

ಮನೆಯವರೊಂದಿಗೆ ಮಾತಾಡಿ

ಕನಸನ್ನು ಮನೆಯಲ್ಲಿ ಮುಚ್ಚಿಟ್ಟು ಸಾಧಿಸುವುದು ಕಷ್ಟ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು, ತಿಂಡಿ ಮಾಡಿ, ಮಕ್ಕಳನ್ನು ಕಳಿಸಿ, ಕೂಲಿಗೂ ಹೋಗಿ, ಮತ್ತೆ ಸಂಜೆ ಹುಲ್ಲು ತರುವುದು ಒಬ್ಬಳೇ ಎಂದಾದರೆ ಆ ಕನಸು ಅವಳ ಬೆನ್ನು ಮುರಿಯುತ್ತದೆ. ಹಸುವಿನ ಲೆಕ್ಕದಲ್ಲಿ ನಮ್ಮ ದುಡಿಮೆಗೆ ನಾವು ಕೂಲಿಯನ್ನೇ ಹಾಕಲಿಲ್ಲ, ಗಮನಿಸಿದಿರಾ? ಅದಕ್ಕೇ ಕೆಲಸ ಹಂಚಿಕೊಳ್ಳುವ ಮಾತು ಮೊದಲೇ ಆಗಬೇಕು. ಲೆಕ್ಕದ ಹಾಳೆಯನ್ನು ಯಜಮಾನರ ಮುಂದೆ, ದೊಡ್ಡ ಮಕ್ಕಳ ಮುಂದೆ ಇಡಿ. ಡೈರಿಗೆ ಹಾಲು ಯಾರು ಒಯ್ಯುತ್ತಾರೆ, ಕೊಟ್ಟಿಗೆ ಯಾರು ತೊಳೆಯುತ್ತಾರೆ ಎಂದು ಕೇಳಿ. ಡೈರಿಯ ಹಣ ಬರುವ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಎಲ್ಲ ಮನೆಯಲ್ಲೂ ಒಂದೇ ಸಲಕ್ಕೆ ಒಪ್ಪಿಗೆ ಸಿಗಲಿಕ್ಕಿಲ್ಲ. "ಇದೆಲ್ಲ ನಿನ್ನ ಕೈಲಿ ಆಗುತ್ತಾ?" ಎಂಬ ಮಾತು ಬರಬಹುದು. ಮಾತಿಗೆ ಮಾತು ಬೆಳೆಸುವ ಬದಲು ಸಣ್ಣದಾಗಿ ಮಾಡಿ ತೋರಿಸುವುದು ಲೇಸು. ಹತ್ತು ಕೋಳಿ ಸಾಕಿ ಮೊಟ್ಟೆ ಮಾರಿದ ಲೆಕ್ಕವನ್ನು ಮೂರು ತಿಂಗಳು ಬರೆದು ತೋರಿಸಿದವಳನ್ನು ಹಸುವಿನ ವಿಷಯದಲ್ಲಿ ಯಾರೂ ತಳ್ಳಿಹಾಕಲಾರರು. ಮನೆಯಲ್ಲಿ ಬೈಗುಳ, ಹೊಡೆತ ಇದ್ದರೆ ಮಾತ್ರ ಒಬ್ಬರೇ ಸಹಿಸಿಕೊಂಡು ಕೂರಬೇಡಿ, ಸಂಘದ ಪ್ರತಿನಿಧಿಗೆ ಅಥವಾ ಕಾರ್ಯಕರ್ತೆಗೆ ತಿಳಿಸಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಮೊದಲ ಪ್ರಯತ್ನ ಸೋತರೂ ಅದನ್ನು ಸಂಘದಲ್ಲಿ ಹೇಳಿ. ಯಾಕೆ ಸೋತಿತು ಎಂದು ಬರೆದಿಡಿ. ಇನ್ನೊಬ್ಬ ಸದಸ್ಯೆಗೆ ಅದೇ ದೊಡ್ಡ ಪಾಠ.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಪ್ರತಿಯೊಬ್ಬ ಸದಸ್ಯೆಯೂ ತನಗಾಗಿ ಇಟ್ಟುಕೊಂಡ ಒಂದು ಕನಸನ್ನು ಒಂದೇ ವಾಕ್ಯದಲ್ಲಿ ಹೇಳಲಿ. ಬರೆಯಲು ಬಾರದವರದ್ದನ್ನು ಪಕ್ಕದವರು ಬರೆದುಕೊಡಲಿ.

2. ಕಳೆದ ಎರಡು ವರ್ಷದಲ್ಲಿ ಸಂಘದಿಂದ ತೆಗೆದ ಸಾಲ ಯಾವ ಯಾವುದಕ್ಕೆ ಖರ್ಚಾಯಿತು? ಅದರಲ್ಲಿ ಆದಾಯ ತರುವ ಕೆಲಸಕ್ಕೆ ಹೋದದ್ದು ಎಷ್ಟು?

3. ಯಾರಾದರೂ ಒಬ್ಬರ ಕನಸನ್ನು ತೆಗೆದುಕೊಂಡು, ಹಸುವಿನ ಲೆಕ್ಕದಂತೆ, ನಮ್ಮೂರಿನ ದರ ಹಾಕಿ ಎಲ್ಲರೂ ಸೇರಿ ಲೆಕ್ಕ ಮಾಡೋಣ.

4. ಈ ವರ್ಷ ಯಾರ ಸರದಿ? ಮುಂದಿನ ವರ್ಷ ಯಾರದು? ಎಲ್ಲರ ಒಪ್ಪಿಗೆಯಿಂದ ನಿರ್ಧರಿಸಿ ನಡಾವಳಿ ಪುಸ್ತಕದಲ್ಲಿ ದಿನಾಂಕ ಸಹಿತ ಬರೆಯಿರಿ.